ಮಗುವಿನ ವಾಂತಿಭೇದಿ ಅಮ್ಮನಿಗೂ ಬಂದಾಗ

ಪ್ರಶ್ನೆ: ನನಗೆ 31 ವರ್ಷ, ದಾವಣಗೆರೆಯಲ್ಲಿದ್ದೇನೆ. ಪತಿಯ ಕೆಲಸ ಪುಣೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಕಳೆದ ತಿಂಗಳು ಒಂದು ಶನಿವಾರ ಸಂಜೆ 20 ತಿಂಗಳ ಮಗಳಿಗೆ ವಾಂತಿ ಶುರುವಾಯಿತು. ರಾತ್ರಿಯಿಂದ ಭೇದಿ, ಜೊತೆಗೆ ಜ್ವರ. ವೈದ್ಯರು ಓಆರ್‌ಎಸ್, ಜಿಂಕ್ ಮತ್ತು ಪ್ಯಾರಸಿಟಮಾಲ್ ಸಿರಪ್ (5 ಮಿ.ಲೀ.ಗೆ 250 ಮಿ.ಗ್ರಾಂ.ನದ್ದು, 3 ಮಿ.ಲೀ.) ಬರೆದುಕೊಟ್ಟರು. ಮಗಳ ತೂಕ 10 ಕೆಜಿ. ಸೋಮವಾರ ಮಧ್ಯಾಹ್ನ ಅವಳು ಚೇತರಿಸಿಕೊಳ್ಳುವ ಹೊತ್ತಿಗೆ ನಾನು ಮಲಗಿದೆ. ಎದ್ದರೆ ತಲೆಸುತ್ತು, ನೀರು ಕುಡಿದರೂ ವಾಂತಿ. ಆ ರಾತ್ರಿ ಎರಡು ಗಂಟೆಗೆ ಸಿರಪ್ ಕೊಟ್ಟಿದ್ದನ್ನು ಮರೆತು ಮೂರು ಗಂಟೆಗೆ ಮತ್ತೆ ಕೊಟ್ಟುಬಿಟ್ಟೆ. ಹರಿಹರದಲ್ಲಿರುವ ಅತ್ತೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಅವರಿಗೂ ಅಂಟೀತೆಂದು ಹೇಳಲೇ ಇಲ್ಲ. ರಾತ್ರಿ ಎದೆಹಾಲು ಕೊಡುತ್ತಿದ್ದೆ, ನನ್ನ ಕಾಯಿಲೆ ಹಾಲಿನಿಂದ ಹೋಗುತ್ತದೆಂದು ಯಾರೋ ಹೇಳಿದ್ದರಿಂದ ಎರಡು ದಿನ ನಿಲ್ಲಿಸಿದೆ. ಸ್ಯಾನಿಟೈಸರ್ ಬಳಸಿಯೂ ನನಗೆ ಹೇಗೆ ಬಂತು? ಇನ್ನೊಮ್ಮೆ ಹೀಗಾದರೆ ಏನು ಮಾಡಲಿ? ಈಗಲೂ ಸುಸ್ತು ಹೋಗಿಲ್ಲ. ಅಂದು ನಾನು ಮಗಳಿಗೆ ಅಪಾಯ ತಂದೊಡ್ಡಿದೆನೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಿಕ್ಕವು ಕಾಯಬಹುದು, ಇದು ನಿಮ್ಮನ್ನು ಒಂದು ತಿಂಗಳಿಂದ ಕೊರೆಯುತ್ತಿದೆ ಎಂದು ಕಾಣುತ್ತದೆ.

ಪ್ಯಾರಸಿಟಮಾಲ್‌ಗೆ ವಯಸ್ಸಿನ ಲೆಕ್ಕವಿಲ್ಲ, ತೂಕದ ಲೆಕ್ಕ. ಕೆಜಿಗೆ 15 ಮಿ.ಗ್ರಾಂ.ನಂತೆ ನಿಮ್ಮ ಮಗಳಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಬೇಕು. ನಿಮ್ಮ ಸಿರಪ್‌ನ 3 ಮಿ.ಲೀ.ಯಲ್ಲಿ ಇರುವುದೂ ಸರಿಯಾಗಿ ಅಷ್ಟೇ. ಎರಡು ಸಲ ಸೇರಿ 300, ಅಂದರೆ ಕೆಜಿಗೆ 30. ಒಂದೇ ಹೊತ್ತಿನಲ್ಲಿ ಕೆಜಿಗೆ 150 ಮಿ.ಗ್ರಾಂ. ಹತ್ತಿರ ಹೋದಾಗ ನಾವು ಯಕೃತ್ತಿಗಾಗಿ ಗಾಬರಿಯಾಗುತ್ತೇವೆ. ನೀವು ಅದರ ಐದನೇ ಒಂದು ಭಾಗದಲ್ಲಿದ್ದಿರಿ. ಆ ರಾತ್ರಿ ನನಗೆ ಫೋನ್ ಮಾಡಿದ್ದರೆ, ‘ಮುಂದಿನ ಎಂಟು ಗಂಟೆ ಸಿರಪ್ ಮುಟ್ಟಬೇಡಿ, ಕೊಟ್ಟ ಹೊತ್ತು ಬರೆದಿಡಿ, ಮಲಗಿ’ ಎನ್ನುತ್ತಿದ್ದೆ. ಅಷ್ಟೇ. ಈ ಪ್ರಕರಣ ಇಲ್ಲಿಗೆ ಮುಗಿಯಿತು.

ಆದರೆ ಅದೇ ರಾತ್ರಿ ಅದೇ ಮಂಪರಿನಲ್ಲಿ ಇನ್ನೊಂದು ತಪ್ಪು ಆಗಬಹುದಿತ್ತು, ಅದು ಇಷ್ಟು ಸುಲಭವಾಗಿ ಮುಗಿಯುತ್ತಿರಲಿಲ್ಲ. ನಮ್ಮ ಔಷಧ ಅಂಗಡಿಗಳಲ್ಲಿ ಮಕ್ಕಳ ಪ್ಯಾರಸಿಟಮಾಲ್ ಮೂರು ಹದದಲ್ಲಿ ಸಿಗುತ್ತದೆ. ಹನಿ ಔಷಧದಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಸಾಮಾನ್ಯ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125, ಗಟ್ಟಿ ಸಿರಪ್‌ನಲ್ಲಿ 5 ಮಿ.ಲೀ.ಗೆ 250. ಮಗು ಮೂರು ತಿಂಗಳಿದ್ದಾಗ ತಂದ ಹನಿ ಔಷಧದ ಸೀಸೆ ಫ್ರಿಜ್ ಬಾಗಿಲಲ್ಲಿ ಇನ್ನೂ ಕೂತಿರುತ್ತದೆ, ಬಣ್ಣವೂ ರುಚಿಯೂ ಒಂದೇ ಬಗೆಯದು. ಸಿರಪ್‌ಗೆ ಬರೆದ 5 ಮಿ.ಲೀ.ಯನ್ನು ಆ ಸೀಸೆಯಿಂದ ಅಳೆದರೆ ಒಂದೇ ಸಲಕ್ಕೆ 500 ಮಿ.ಗ್ರಾಂ. ಮಗುವಿನ ಹೊಟ್ಟೆ ಸೇರುತ್ತದೆ. ಅದನ್ನೇ ಎರಡು ದಿನ, ಆರು ಗಂಟೆಗೊಮ್ಮೆ, ಊಟ ಬಿಟ್ಟ ಮಗುವಿಗೆ ಕೊಟ್ಟರೆ ಆಗ ನಿಜವಾಗಿಯೂ ಭಯಪಡಬೇಕು. ಇಂತಹ ಮಕ್ಕಳನ್ನು ನಾನು ನೋಡಿದ್ದೇನೆ, ಯಾರ ತಾಯಿಯೂ ಬೇಜವಾಬ್ದಾರಿಯವಳಾಗಿರಲಿಲ್ಲ. ಎಲ್ಲರೂ ನಿದ್ದೆಗೆಟ್ಟಿದ್ದರು, ಅರ್ಧದಷ್ಟು ಮಂದಿ ತಾವೇ ಜ್ವರದಲ್ಲಿದ್ದರು. ಮನೆಗೆ ಹೋದ ಕೂಡಲೇ ಹಳೆಯ ಸೀಸೆಗಳನ್ನು ಹೊರಗೆ ಹಾಕಿ. ಒಂದು ಮಗು, ಒಂದು ಹದ, ಒಂದು ಸೀಸೆ.

ನಿಮಗೆ ಹೇಗೆ ಬಂತು ಎಂಬುದಕ್ಕೆ ಬರೋಣ. ಪರೀಕ್ಷೆ ಮಾಡದೆ ಯಾವ ವೈರಸ್ ಎಂದು ಹೇಳಲಾಗದು, ಚಿಕಿತ್ಸೆ ಬದಲಾಗದ ಕಾರಣ ಪರೀಕ್ಷೆ ಮಾಡುವುದೂ ಅಪರೂಪ. ಆದರೂ ಶನಿವಾರ ಸಂಜೆ ಮಗು, ಸೋಮವಾರ ಮಧ್ಯಾಹ್ನ ತಾಯಿ, ವಾಂತಿಯೇ ಜೋರು ಎಂದರೆ ನನ್ನ ಅನುಮಾನ ನೊರೊ ವೈರಸ್ ಕಡೆಗೆ ಹೋಗುತ್ತದೆ. ಮೈಸೇರಿದ 12ರಿಂದ 48 ಗಂಟೆಯೊಳಗೆ ಅದು ತನ್ನ ಕೆಲಸ ತೋರಿಸುತ್ತದೆ. ರೋಟಾ ವೈರಸ್ ಕೂಡ ಇರಬಹುದು. ಅದರ ಲಸಿಕೆ 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು, ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಬಾಯಿಗೆ ಹಾಕಿಸಿರುತ್ತೀರಿ. ಲಸಿಕೆ ಹಾಕಿಸಿಯೂ ವಾಂತಿಭೇದಿ ಬಂತಲ್ಲ ಎಂದು ಕೇಳುವವರಿದ್ದಾರೆ. ಅದು ಒಂದು ವೈರಸ್‌ಗೆ ಮಾತ್ರ, ಅದರಲ್ಲೂ ಮುಖ್ಯವಾಗಿ ಆಸ್ಪತ್ರೆ ಸೇರುವಷ್ಟು ಕೆಟ್ಟ ಕಾಯಿಲೆಗೆ ತಡೆ.

ನೊರೊ ಎಂಬ ಹೆಸರು ಬಂದದ್ದು ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನಿಂದ. 1968ರಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು, ಶಿಕ್ಷಕರು ಸೇರಿ ಅರ್ಧದಷ್ಟು ಜನ ಒಟ್ಟಿಗೆ ವಾಂತಿ ಮಾಡಿಕೊಂಡರು. ಆಮೇಲೆ ಅವರವರ ಮನೆಗಳಲ್ಲಿ ಲೆಕ್ಕ ಹಾಕಿದರೆ ಮನೆಮಂದಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಕಾಯಿಲೆ ಅಂಟಿತ್ತು. ಶಾಲೆಯಿಂದ ಮನೆಗೆ, ಮಗುವಿನಿಂದ ಅಮ್ಮನಿಗೆ ಎಂಬ ಈ ದಾರಿ ನಿಮ್ಮ ಮನೆಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ.

ನಿಮ್ಮ ಸ್ಯಾನಿಟೈಸರ್ ಸೋತದ್ದು ಏಕೆಂದರೆ ಆಲ್ಕೊಹಾಲ್‌ಗೆ ಈ ವೈರಸ್ ಸುಲಭವಾಗಿ ಬಗ್ಗುವುದಿಲ್ಲ. ಕೊರೊನಾ ಕಾಲ ನಮಗೆ ಕಲಿಸಿಹೋದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಸೋಪು ಕೂಡ ಇದನ್ನು ಕೊಲ್ಲುವುದಕ್ಕಿಂತ ಉಜ್ಜಿ ತೊಳೆದು ಹರಿಯುವ ನೀರಿನ ಜೊತೆ ಕಳಿಸುತ್ತದೆ, ಆದ್ದರಿಂದ ಇಪ್ಪತ್ತು ಸೆಕೆಂಡ್ ಉಜ್ಜುವುದೇ ಮುಖ್ಯ. ನೂರಕ್ಕಿಂತ ಕಡಿಮೆ ಕಣಗಳು ಸಾಕು ಕಾಯಿಲೆ ಬರಲು, ವಾಂತಿಯ ಒಂದು ತುಂತುರಿನಲ್ಲಿ ಅದರ ಎಷ್ಟೋ ಪಟ್ಟು ಇರುತ್ತವೆ. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಾಗ ಬೆನ್ನ ಮೇಲೆ ವಾಂತಿಯಾಗಿದ್ದರೆ ಯಾವ ಸೋಪೂ ನಿಮ್ಮನ್ನು ಉಳಿಸುತ್ತಿರಲಿಲ್ಲ. ಇನ್ನೊಂದು ದಾರಿ ನೀವು ಬರೆದಿಲ್ಲ, ನಾನು ಊಹಿಸುತ್ತೇನೆ: ಮಗು ಎರಡು ತುತ್ತು ತಿಂದು ಬಿಟ್ಟ ಮೊಸರನ್ನವನ್ನು ನೀವು ತಿಂದಿರಿ. ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು. ಕಾಯಿಲೆಯ ವಾರದಲ್ಲಿ ಮಾತ್ರ ಮಗುವಿನ ತಟ್ಟೆಯ ಎಂಜಲು ಕಸದ ಬುಟ್ಟಿಗೆ ಹೋಗಲಿ.

ವಾಂತಿ ಬಿದ್ದ ನೆಲಕ್ಕೆ ಬರಿ ಫಿನೈಲ್ ಸಾಲದು. ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಮೊದಲು ಗಲೀಜನ್ನು ಕಾಗದದಿಂದ ಎತ್ತಿ, ಆಮೇಲೆ ಆ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಕಿಟಕಿ ತೆರೆದಿರಲಿ. ಶೌಚಾಲಯ ತೊಳೆಯುವ ಆಸಿಡ್ ದ್ರಾವಣದ ಜೊತೆ ಇದನ್ನು ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಬರಬಹುದು.

ಈಗ ನಾನು ಈ ಪತ್ರವನ್ನು ಆರಿಸಿಕೊಂಡ ಕಾರಣಕ್ಕೆ ಬರುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳಿಗೆ ಪಾಳಿಯ ನಡುವೆ ವಾಂತಿಯಾದರೆ ಮೇಲ್ವಿಚಾರಕಿ ಅವಳನ್ನು ಮನೆಗೆ ಕಳಿಸುತ್ತಾಳೆ. ಹೊಸದಾಗಿ ಬಂದವಳು ಕೈಯಲ್ಲಿ ಪುಸ್ತಕ ಹಿಡಿದು ಪ್ರತಿ ಹಾಸಿಗೆಯ ಬಳಿ ನಿಲ್ಲುತ್ತಾಳೆ: ಈ ಮಗುವಿಗೆ ಯಾವ ಔಷಧ ಯಾವಾಗ ಹೋಯಿತು, ಎಷ್ಟು ಸಲ ಮೂತ್ರವಾಯಿತು, ಏನು ಕುಡಿಯಿತು. ಆಮೇಲೇ ಮೊದಲಿನವಳು ಹೊರಡುವುದು. ಮನೆಯಲ್ಲಿ ಈ ಏರ್ಪಾಟು ಇಲ್ಲ. ಶನಿವಾರದಿಂದ ಸೋಮವಾರದವರೆಗೆ ನೀವು ಒಂದೇ ಪಾಳಿಯಲ್ಲಿ 42 ಗಂಟೆ ದುಡಿದಿದ್ದೀರಿ, ಆಮೇಲೆ ಕಾಯಿಲೆ ಬಿದ್ದು ಅದೇ ಪಾಳಿಯನ್ನು ಮುಂದುವರಿಸಿದ್ದೀರಿ. ಎರಡನೇ ಡೋಸ್ ಬಿದ್ದದ್ದು ಆಗ. ಅದು ಪಾಳಿ ಬದಲಾಗದ ಮನೆಯಲ್ಲಿ ಆಗಿಯೇ ತೀರುವ ತಪ್ಪು.

ಹಾಗಾಗಿ ಇನ್ನೊಮ್ಮೆ ಹೀಗಾದರೆ ಏನು ಮಾಡಲಿ ಎಂಬುದಕ್ಕೆ ನನ್ನ ಉತ್ತರ ಇದು: ನಿಮಗೆ ಕಾಯಿಲೆ ಬಂದಾಗ ಜನರನ್ನು ಕರೆಯಬೇಡಿ. ಮಗು ಮೊದಲ ಸಲ ವಾಂತಿ ಮಾಡಿದ ದಿನವೇ ಕರೆಯಿರಿ. 48 ಗಂಟೆಯೊಳಗೆ ನೀವೂ ಮಲಗಬಹುದು ಎಂದು ಆಗಲೇ ಗೊತ್ತಿರುತ್ತದೆ. ಪುಣೆಯಿಂದ ದಾವಣಗೆರೆಗೆ ಬರಲು ಒಂದು ರಾತ್ರಿ ಸಾಕು. ನಿಮ್ಮ ಪತಿ ಶನಿವಾರ ರಾತ್ರಿಯೇ ಬಸ್ ಹತ್ತಿದ್ದರೆ ನೀವು ಗಟ್ಟಿಯಾಗಿದ್ದಾಗಲೇ ಅವರಿಗೆ ಎಲ್ಲವನ್ನೂ ಒಪ್ಪಿಸಬಹುದಿತ್ತು. ಮಗುವಿನ ಭೇದಿಗೆ ಯಾರು ರಜೆ ಕೊಡುತ್ತಾರೆ ಎಂದು ಅವರು ಕೇಳಬಹುದು. ಭೇದಿಗೆ ಕೊಡದಿದ್ದರೆ ‘ಹೆಂಡತಿ, ಮಗು ಇಬ್ಬರೂ ಮಲಗಿದ್ದಾರೆ’ ಎಂಬುದಕ್ಕೆ ಕೊಡುತ್ತಾರೆ. ಅದು ಎರಡು ದಿನದಲ್ಲಿ ನಿಜವೂ ಆಗುವುದರಿಂದ ಸುಳ್ಳು ಹೇಳಿದ ಪಾಪವಿಲ್ಲ.

ಅತ್ತೆಯನ್ನು ಕರೆಯಬಾರದೆಂಬ ನಿಮ್ಮ ಯೋಚನೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. 67 ವರ್ಷದ ಸಕ್ಕರೆ ಕಾಯಿಲೆಯವರಿಗೆ ಈ ವಾಂತಿಭೇದಿ ನಿಮಗಿಂತ ಕಠಿಣವಾಗಿ ಬರಬಹುದು, ನಿಜ. ಆದರೆ ಮನೆಗೆ ಬಂದವರೆಲ್ಲ ಡೈಪರ್ ಬದಲಾಯಿಸಲೇಬೇಕೆಂದು ಯಾರು ಹೇಳಿದರು? ಕೆಲಸ ಹಂಚುವಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉಲ್ಟಾ ಆಗುತ್ತದೆ. ಸೊಸೆ ವಾಂತಿ ಮಾಡಿಕೊಂಡೇ ಎದ್ದು ತಿಳಿಸಾರು ಮಾಡುತ್ತಾಳೆ, ಅತ್ತೆ ಮಗುವಿನ ಬಟ್ಟೆ ತೊಳೆಯುತ್ತಾರೆ. ಕಾಯಿಲೆ ಹರಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ವಾಂತಿಭೇದಿ ಇರುವವರು ಅಡುಗೆಮನೆಗೆ ಕಾಲಿಡಬಾರದು, ನಿಂತು 48 ಗಂಟೆ ಕಳೆಯುವವರೆಗೂ. ಅಡುಗೆ, ಲೆಕ್ಕ ಬರೆಯುವುದು, ಬಾಗಿಲು ತೆಗೆಯುವುದು, ಫೋನ್ ಮಾಡುವುದು, ನೀವು ಎರಡು ಗಂಟೆ ನಿದ್ದೆ ಮಾಡುವಾಗ ಮಗುವಿನ ಮೇಲೆ ಕಣ್ಣಿಡುವುದು, ಇವು ಅತ್ತೆಯ ಪಾಲಿಗೆ. ಡೈಪರ್, ವಾಂತಿ ಬಟ್ಟೆ, ಬಚ್ಚಲು, ಇವು ಈಗಾಗಲೇ ಕಾಯಿಲೆ ತಗುಲಿರುವ ನಿಮ್ಮ ಪಾಲಿಗೆ, ಎದ್ದೇಳಲು ಆಗುವಷ್ಟು ಹೊತ್ತು. ಆಗದಿದ್ದರೆ ಪತಿ. ಅತ್ತೆಗೂ ವಾಂತಿ ಶುರುವಾದರೆ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಎಂದಿನಂತೆ ನುಂಗುವ ಮೊದಲು, ತಾವಾಗಿಯೇ ಬಿಟ್ಟುಬಿಡುವ ಮೊದಲೂ, ಅವರ ವೈದ್ಯರಿಗೆ ಫೋನ್ ಮಾಡಬೇಕು. ದೇಹ ಒಣಗಿದಾಗ ಅವುಗಳಲ್ಲಿ ಕೆಲವು ಮೂತ್ರಪಿಂಡಕ್ಕೆ ಭಾರವಾಗುತ್ತವೆ.

ಹೀಗೆ ಬೇರೆಯವರ ಕೈಗೆ ಮಗುವನ್ನು ಒಪ್ಪಿಸಲು ತಾಯಂದಿರು ಹಿಂಜರಿಯುವುದು ನನಗೆ ಗೊತ್ತು. ‘ನನ್ನ ಹಾಗೆ ಅವರಿಗೆ ಕುಡಿಸಲು ಬರುವುದಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬಂಗಾಳದ ಗಡಿಯ ಬಂಗಾವ್‌ಗೆ ಬಂದು ತುಂಬಿಕೊಂಡಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ನರ್ಸ್‌ಗಳಲ್ಲ, ರೋಗಿಗಳ ಮನೆಯವರು, ಯಾರು ಪಕ್ಕದಲ್ಲಿ ಕೂತಿದ್ದರೋ ಅವರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅಂತಹ ಕೆಸರಿನ ಶಿಬಿರದಲ್ಲಿ ಅಪರಿಚಿತರಿಗೆ ಬಂದದ್ದು ನಿಮ್ಮ ಅತ್ತೆಗೆ ಬಾರದೆ ಇದ್ದೀತೇ?

ಅವರಿಗೆ ಹೇಳಿಕೊಡಬೇಕಾದದ್ದು ಸ್ವಲ್ಪ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಡಬೇಕು. ಆಮೇಲೆ ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ ಓಆರ್‌ಎಸ್. ಲೋಟ ಕೊಟ್ಟರೆ ಬಾಯಾರಿದ ಮಗು ಗಟಗಟ ಕುಡಿದು ಎಲ್ಲವನ್ನೂ ಹೊರಹಾಕುತ್ತದೆ, ಆಗ ‘ನೀರೂ ದಕ್ಕುತ್ತಿಲ್ಲ’ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಕೊಡಬೇಕು. ಈ ನಡುವೆ ಊಟ ನಿಲ್ಲಿಸುವುದು ಬೇಡ. ಗಂಜಿ, ಇಡ್ಲಿ, ಮಜ್ಜಿಗೆ ಅನ್ನ, ಬಾಳೆಹಣ್ಣು ನಡೆಯುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಆದ್ದರಿಂದ ಓಆರ್‌ಎಸ್‌ನ ಬದಲಿಗೆ ಅಲ್ಲ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳ ಡಬ್ಬಿಯನ್ನು ಓಆರ್‌ಎಸ್ ಎಂದು ತರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅದಕ್ಕೂ ಮುಂಚೆ ಎಷ್ಟು ತಾಯಂದಿರು ಸಕ್ಕರೆ ನೀರು ಕುಡಿಸಿ ಭೇದಿ ಹೆಚ್ಚಿಸಿಕೊಂಡು ನಮ್ಮಲ್ಲಿಗೆ ಬಂದರೋ. ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಡಿಯ ಪೊಟ್ಟಣ ಉಚಿತವಾಗಿ ಸಿಗುತ್ತದೆ.

ಪೊಟ್ಟಣದ ಬಗ್ಗೆ ಒಂದು ಮಾತು, ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಎರಡು ವರ್ಷವಿದ್ದಾಗ ಇದೇ ಕಾಯಿಲೆ ಬಂತು, ಮೂರನೇ ದಿನ ನನಗೆ. ಮಕ್ಕಳ ವೈದ್ಯೆ ನಾನು, ದಿನಕ್ಕೆ ಹತ್ತು ಮಂದಿಗೆ ಓಆರ್‌ಎಸ್ ಕಲಸುವುದು ಹೇಳಿಕೊಡುವವಳು. ಬೆಳಗಿನ ಜಾವ ಒಂದು ಪೊಟ್ಟಣ ಒಡೆದು ಸ್ಟೀಲ್ ಲೋಟದ ನೀರಿಗೆ ಸುರಿದು ಕುಡಿಸಲು ಕುಳಿತೆ. ಮಗ ಉಗುಳಿದ. ಬೈದು ಮತ್ತೆ ಕೊಟ್ಟೆ, ಮತ್ತೆ ಉಗುಳಿದ. ಪಕ್ಕದಲ್ಲಿದ್ದ ನನ್ನ ಅಮ್ಮ ಬೆರಳದ್ದಿ ನೆಕ್ಕಿ ನೋಡಿ, ‘ಇದೇನೇ, ಉಪ್ಪಿನಕಾಯಿ ನೀರು?’ ಎಂದಳು. 20.5 ಗ್ರಾಂನ ಆ ಪೊಟ್ಟಣ ಇಡೀ ಒಂದು ಲೀಟರ್ ನೀರಿಗೆ. ಲೋಟಕ್ಕೆ ಹಾಕುವ 200 ಮಿ.ಲೀ.ಯ ಪುಟ್ಟ ಪೊಟ್ಟಣ ಬೇರೆ ಇದೆ. ಐದು ಪಟ್ಟು ಗಟ್ಟಿಯಾದ ಉಪ್ಪುನೀರು ಒಣಗಿದ ಮಗುವಿನ ಮಿದುಳಿಗೆ ಏನು ಮಾಡಬಲ್ಲದೆಂದು ನನಗೆ ಪರೀಕ್ಷೆಗೆ ಓದಿ ಗೊತ್ತಿತ್ತು. ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ, ಉಗುಳಿದ್ದರಿಂದ ಮಗ ಉಳಿದ. ಅಂದಿನಿಂದ ನಾನು ಹೇಳುವುದು ಒಂದೇ ಅಳತೆ: ಕೊಡುವ ಮುನ್ನ ನೀವು ನೆಕ್ಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ಕಲಸಿದ್ದು 24 ಗಂಟೆ ಮೀರಿದರೂ ಚೆಲ್ಲಿ.

ಆ ಬೆಳಗ್ಗೆ ಅಮ್ಮ ಕ್ಯಾಲೆಂಡರ್‌ನ ಹಳೆಯ ಹಾಳೆ ಹರಿದು, ಹಿಂಬದಿಯಲ್ಲಿ ಗೆರೆ ಎಳೆದು ನನ್ನ ಕೈಗೆ ಪೆನ್ನು ಕೊಟ್ಟಳು. ನಾನು ಇಂದಿಗೂ ಎಲ್ಲರಿಗೂ ಕೊಡುವುದು ಅದನ್ನೇ. ಮೇಲೆ ಮಗುವಿನ ತೂಕ, ಔಷಧದ ಹೆಸರು, ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ. ಕೆಳಗೆ ಗಂಟೆ, ಕೊಟ್ಟದ್ದು, ವಾಂತಿ, ಭೇದಿ, ಮೂತ್ರ. ಫ್ರಿಜ್ ಮೇಲೆ ಅಂಟಿಸಿ. ಮೊಬೈಲ್‌ನಲ್ಲಿ ಬರೆದುಕೊಳ್ಳುವೆ ಎನ್ನಬೇಡಿ. ನೀವು ಮಲಗಿದಾಗ ನಿಮ್ಮ ಮೊಬೈಲ್ ಅತ್ತೆಗೆ ತೆರೆಯುವುದಿಲ್ಲ.

ಎದೆಹಾಲು ನಿಲ್ಲಿಸಿದ್ದು ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಬೇಸರವಾದ ಒಂದೇ ಸಂಗತಿ, ಅದೂ ಹೇಳಿಕೊಟ್ಟವರ ಮೇಲೆ. ವಾಂತಿಭೇದಿಯ ವೈರಸ್ ಹಾಲಿನಲ್ಲಿ ಹೋಗುವುದಿಲ್ಲ, ಕೈಯಲ್ಲಿ ಹೋಗುತ್ತದೆ. ಹಾಲಿನಲ್ಲಿ ಹೋಗುವುದು ಅದರ ವಿರುದ್ಧದ ಪ್ರತಿಕಾಯಗಳು. ಜ್ವರ ಬಂದ ತಾಯಿಯ ಹಾಲು ‘ಉಷ್ಣ’ವಾಗಿ ಮಗುವಿಗೆ ಭೇದಿ ಹಿಡಿಸುತ್ತದೆ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ನಿಮ್ಮ ಮಗಳಿಗೆ ಭೇದಿ ನಿಮಗಿಂತ ಮೊದಲೇ ಹಿಡಿದಿತ್ತಲ್ಲ! ಕೈ ಸೋಪಿನಿಂದ ತೊಳೆದು ಕುಡಿಸಿ, ಅಷ್ಟೇ. ನೀವು ಒಣಗಿದಾಗ ಹಾಲು ಒಂದೆರಡು ದಿನ ಕಡಿಮೆಯಾಗಬಹುದು, ನೀರು ಕುಡಿದು ಮಗು ಚೀಪುತ್ತಿದ್ದರೆ ಮತ್ತೆ ಬರುತ್ತದೆ.

ನಿಮಗೂ ಔಷಧ ಅದೇ ಓಆರ್‌ಎಸ್. ಮಗುವಿಗೆ ಚಮಚದಲ್ಲಿ ಕೊಡುವಾಗ ನಿಮಗೂ ಒಂದು ಗುಟುಕು, ಈ ಜೋಡಿ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಮೈಕೈ ನೋವಿಗೆ ಪ್ಯಾರಸಿಟಮಾಲ್ ಸಾಕು, ಹಾಲು ಕೊಡುವವರಿಗೂ ಸುರಕ್ಷಿತ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್‌ನಂತಹ ನೋವಿನ ಔಷಧಗಳು ದೇಹದಲ್ಲಿ ನೀರು ಕಡಿಮೆಯಾದಾಗ ನಿಮಗೂ ಬೇಡ, ಮಗುವಿಗೂ ಬೇಡ. ಮಳೆಗಾಲದಲ್ಲಿ ಅದೇ ಜ್ವರ ಡೆಂಗಿಯಾಗಿದ್ದರೆ ಇವು ಇನ್ನೂ ಅಪಾಯ. ಔಷಧ ಅಂಗಡಿಯವರು ಕೇಳುವ ಮೊದಲೇ ಕೊಡುವ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್ ಮಾತ್ರೆ ವೈರಸ್‌ಗೆ ಏನೂ ಮಾಡದು. ವಾಂತಿ ನಿಲ್ಲದಿದ್ದರೆ ವೈದ್ಯರು ಒಂದು ಮಾತ್ರೆ ಬರೆದುಕೊಡುತ್ತಾರೆ. ಬಸ್ ಪ್ರಯಾಣಕ್ಕೆಂದು ಮನೆಯಲ್ಲಿಟ್ಟ ವಾಂತಿ ಮಾತ್ರೆ ನುಂಗಬೇಡಿ, ಅದು ಗಾಢ ನಿದ್ದೆ ತರಿಸುತ್ತದೆ. ಮಗುವಿನ ಜೊತೆ ಒಬ್ಬಳೇ ಇರುವವಳಿಗೆ ಆ ನಿದ್ದೆ ಬೇಡ.

ಒಬ್ಬಳೇ ಇರುವ ರಾತ್ರಿ ತಪ್ಪದಿದ್ದರೆ ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಕಿ, ನೀವು ಎದ್ದು ಓಡುವಾಗ ಮಗು ಬೀಳುವುದಿಲ್ಲ. ಪಕ್ಕದಲ್ಲಿ ಎರಡು ಬಕೆಟ್, ಫ್ಲಾಸ್ಕ್‌ನಲ್ಲಿ ನೀರು, ಕಲಸಿಟ್ಟ ಓಆರ್‌ಎಸ್. ಔಷಧದ ಸೀಸೆ ಮಾತ್ರ ಮಗುವಿಗೆ ಎಟುಕದ ಕಡೆ. ಬಚ್ಚಲಿನ ಚಿಲಕ ಹಾಕಬೇಡಿ. ಮನೆಯ ಒಂದು ಕೀಲಿ ಎದುರು ಮನೆಯವರ ಬಳಿ ಇರಲಿ, ಬೆಳಗ್ಗೆ ಏಳಕ್ಕೆ ನಾನು ಫೋನ್ ಮಾಡದಿದ್ದರೆ ನೀವೇ ಬಾಗಿಲು ತೆಗೆದು ಬನ್ನಿ ಎಂದು ಹೇಳಿಡಿ. ಈ ಕೊನೆಯದನ್ನು ಕೇಳಿ ಒಬ್ಬ ತಾಯಿ ನಕ್ಕಿದ್ದರು. ನಾನು ನಗಲಿಲ್ಲ, ಬಚ್ಚಲಲ್ಲಿ ತಲೆಸುತ್ತಿ ಬಿದ್ದ ತಾಯಿಯ ಪಕ್ಕ ಕೂತು ಅಳುತ್ತಿದ್ದ ಮಗುವನ್ನು ಪಕ್ಕದ ಮನೆಯವರು ಎತ್ತಿಕೊಂಡು ನನ್ನಲ್ಲಿಗೆ ತಂದದ್ದು ನೆನಪಿತ್ತು.

ಆಸ್ಪತ್ರೆಗೆ ಯಾವಾಗ? ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕುಡಿಯಲು ಒಲ್ಲದಿದ್ದರೆ, ಮಲದಲ್ಲಿ ರಕ್ತ ಅಥವಾ ವಾಂತಿಯಲ್ಲಿ ಹಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮ ವಿಷಯಕ್ಕೆ ನಾನು ಇನ್ನೂ ಬೇಗ ಗೆರೆ ಎಳೆಯುತ್ತೇನೆ. ಎಂಟು ಗಂಟೆ ಮೂತ್ರವಿಲ್ಲದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಗುಟುಕು ನೀರೂ ನಿಲ್ಲದಿದ್ದರೆ, ನೀವು ಗರ್ಭಿಣಿಯಾಗಿದ್ದರೆ ತಕ್ಷಣ ತೋರಿಸಿಕೊಳ್ಳಿ. ಇವು ಯಾವುವೂ ಇಲ್ಲದಿದ್ದರೂ ‘ಮಗು ಅತ್ತರೆ ನನಗೆ ಎಚ್ಚರವಾಗದೇನೋ’ ಎಂದು ಅನ್ನಿಸಿದರೆ ಅದೂ ಸಾಕಷ್ಟು ಕಾರಣವೇ. 108ಕ್ಕೆ ಕರೆ ಮಾಡಿ ‘ನಾನೂ ಮಗುವೂ ಇಬ್ಬರೂ ರೋಗಿಗಳು, ಮನೆಯಲ್ಲಿ ಬೇರೆ ಯಾರೂ ಇಲ್ಲ’ ಎಂದು ಈ ಮಾತುಗಳಲ್ಲೇ ಹೇಳಿ. ಮಗುವಿಗೆ ಸ್ವಲ್ಪ ಪರವಾಗಿಲ್ಲ, ನನಗೂ ಸ್ವಲ್ಪ ಪರವಾಗಿಲ್ಲ ಎಂದು ಎರಡನ್ನೂ ಬೇರೆ ಬೇರೆ ತೂಗಿದರೆ ಎರಡೂ ಹಗುರವಾಗಿಯೇ ಕಾಣುತ್ತವೆ.

ಉಳಿದದ್ದು ನಿಮ್ಮ ಸುಸ್ತು. ಕಾಯಿಲೆ ಒಂದರಿಂದ ಮೂರು ದಿನದ್ದು, ದಣಿವು ಒಂದೆರಡು ವಾರ ಎಳೆಯಬಹುದು. ತಿಂಗಳಾಯಿತು ಎಂದರೆ ವೈರಸ್ ಮೇಲೆ ಹೊರಿಸದೆ ರಕ್ತ ಪರೀಕ್ಷೆ ಮಾಡಿಸಿ. 20 ತಿಂಗಳಿಂದ ಹಾಲು ಕೊಡುತ್ತಿರುವ ತಾಯಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಸಿಕ್ಕರೆ ನನಗೆ ಆಶ್ಚರ್ಯವಾಗದು, ಜೊತೆಗೆ ಥೈರಾಯ್ಡ್ ಕೂಡ ನೋಡಿಸಿ. ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಇದ್ದರೆ ಅದನ್ನೂ ವೈದ್ಯರಿಗೆ ಬಾಯಿ ಬಿಟ್ಟು ಹೇಳಿ.

ಇನ್ನೊಂದು. ಜಿಂಕ್ ಮಾತ್ರೆ ದಿನಕ್ಕೆ 20 ಮಿ.ಗ್ರಾಂ.ನಂತೆ 14 ದಿನ, ಭೇದಿ ನಿಂತ ಮೇಲೂ ಕೊಡಬೇಕಾದದ್ದು. ನೀವು ಮಲಗಿದ ಸೋಮವಾರ ಅದರ ಎರಡನೇ ದಿನ. ಮಾತ್ರೆಯ ಸ್ಟ್ರಿಪ್ ಮನೆಯಲ್ಲಿದ್ದರೆ ಉಳಿದ ಮಾತ್ರೆ ಎಣಿಸಿ ನೋಡಿ, ಹನ್ನೆರಡು ಉಳಿದಿರುತ್ತವೆ ಎಂದು ನನ್ನ ಲೆಕ್ಕ. ಈಗ ಮತ್ತೆ ಶುರು ಮಾಡಬೇಕಿಲ್ಲ.